ಪ್ರಭಾತ ಚಿತ್ರಸಂಸ್ಥೆಯ ಏಳುಬೀಳು

ಹಗಲೆಲ್ಲ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದು, ಸಂಜೆಯಾಗುತ್ತಲೆ ಅದೇ ಊರಿನ ತಗಡಿನ ಸಿನೇಮಾ ಗೃಹವೊಂದರಲ್ಲಿ ಬಾಗಿಲು ಕಾಯುತ್ತಿದ್ದ ಬಡ ಹುಡುಗನೊಬ್ಬನಿದ್ದನು. ಬಂದ ಚಿತ್ರಗಳನ್ನೆಲ್ಲ ಅಲ್ಲಿಯೆ ನೋಡುತ್ತ ಅವನು ಆ ಕಲೆಯ ಮೋಹಕ್ಕೆ ಒಳಗಾದನು. ಮುಂದೆ ವ್ಹಿ. ಶಾಂತಾರಾಮರೆಂದು ಭಾರತದ ತುಂಬ ಹೆಸರಾದವರು ಇವರೇ. ಇವರೂ ಇವರ ಜೊತೆಗಾರರೂ ಕೂಡಿ ಕೊಲ್ಲಾಪುರದಲ್ಲಿ ಕಟ್ಟಿದ ಪ್ರಭಾತ ಫಿಲ್ಮ್ ಕಂಪನಿಯ ಹೆಸರನ್ನು ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹಳೆಯ ಮನೆಗಳಲ್ಲಿ ಕೇಳದವರು ವಿರಳ. ಮುಂಬೆಳಗಿನಲ್ಲಿ ತುತ್ತೂರಿಯನ್ನೂದುವ ಸ್ತ್ರೀಯ ಆಕೃತಿ ಪರದೆಯ ಮೇಲೆ ಮೂಡಿತೆಂದರೆ ಪ್ರೇಕ್ಷಕರು ನೆಟ್ಟಗೆ ಕುಳಿತುಕೊಳ್ಳುತ್ತಿದ್ದ ಕಾಲವೊಂದಿತ್ತು.

ಪ್ರಭಾತದ ಚಿತ್ರಗಳ ಗುಣಗಾನವನ್ನು ಬಲ್ಲವರು ಸಾಕಷ್ಟು ಮಾಡಿದ್ದಾರೆ. ಈ ಲೇಖನದಲ್ಲಿ ನಾವು ನೋಡಹೊರಟಿರುವುದು ಅದರ ಇನ್ನೊಂದು ಮಗ್ಗುಲನ್ನು. ಲಕ್ಷಾಧಿಪತಿಗಳಲ್ಲದ ಕೆಲವು ಕಸಬುಗಾರರು ಚಿತ್ರವನ್ನು ತಯಾರಿಸುವ ಕೆಲಸವನ್ನೂ ಅದನ್ನು ಊರೂರಿಗೆ ಮುಟ್ಟಿಸುವ ಕೆಲಸವನ್ನೂ ಹೇಗೆ ತಮ್ಮ ಹತೋಟಿಗೆ ತಂದುಕೊಂಡರು, ಕಟ್ಟಿದ ಆ ಮನೆ ಏತರಿಂದ ಒಡೆಯಿತು ಎಂಬುದೇ ನಮ್ಮ ವಿಷಯ. ಕನ್ನಡದ ಮೊದಲ ವಾಕ್ಚಿತ್ರವೂ ಇದೇ ಕೊಲ್ಲಾಪುರದಲ್ಲಿ ಸಿದ್ಧವಾಯಿತೆಂಬುದನ್ನು ನೆನೆದರೆ, ಈ ವಿಷಯ ನಮಗೆ ಕೇವಲ ನೆರೆಮನೆಯ ಸುದ್ದಿಯಾಗಿ ಉಳಿಯುವುದಿಲ್ಲ.

ಪ್ರಭಾತದ ಬೇರು ಬಾಬುರಾವ ಪೇಂಟರರ ಮಹಾರಾಷ್ಟ್ರ ಫಿಲ್ಮ್ ಕಂಪನಿಯಲ್ಲಿದೆ. ಬಾಬುರಾವರು ನಾಟಕದ ಪರದೆಗಳನ್ನು ಬರೆಯುತ್ತಿದ್ದ ಚಿತ್ರಕಾರರು. ವಿದೇಶದ ಯಂತ್ರಕ್ಕೆ ಕೈಚಾಚದೆ ಚಲಚ್ಚಿತ್ರದ ಕ್ಯಾಮರಾವನ್ನು ಕೊಲ್ಲಾಪುರದಲ್ಲಿಯೆ ಸಿದ್ಧಪಡಿಸಿದ ಸಾಹಸಿಗಳು. ಅವರ ಕೈಕೆಳಗೆ ಗರಡಿಯಾಳುಗಳಂತೆ ಪಳಗಿದವರು ವಿಷ್ಣುಪಂತ ದಾಮಲೆ, ಶೇಖ ಫತ್ತೇಲಾಲ, ಕೇಶವರಾವ ಧೈಬರ ಮತ್ತು ಶಾಂತಾರಾಮ. ಅಲ್ಲಿ ಗುಡಿಸುವುದರಿಂದ ಹಿಡಿದು ಅಭಿನಯಿಸುವವರೆಗೆ ಎಲ್ಲರೂ ಎಲ್ಲ ಕೆಲಸವನ್ನೂ ಮಾಡಬೇಕಾಗಿತ್ತು. ಇಂಥ ದುಡಿಮೆಯಿಂದ ಅವರಿಗೆ ವಿದ್ಯೆ ದೊರೆಯಿತು, ಒಡೆತನ ದೊರೆಯಲಿಲ್ಲ. 1929ರಲ್ಲಿ ಈ ನಾಲ್ವರೂ ಹೊರಬಂದರು. ಕೊಲ್ಲಾಪುರದ ಸರಾಫರಾದ ಸೀತಾರಾಮಪಂತ ಕುಲಕರ್ಣಿಯವರು ಬಂಡವಾಳವನ್ನು ಕೊಟ್ಟು ಐದನೆಯ ಪಾಲುದಾರರಾದರು. ಆ ವರ್ಷದ ಜೂನ್ 1ರಂದು ಸಂಸ್ಥೆ ಜನ್ಮ ತಾಳಿತು. 'ಪ್ರಭಾತ'ವೆಂಬ ಹೆಸರನ್ನು ಸೂಚಿಸಿದವರು ನಟರಾದ ಬಾಬುರಾವ ಪೆಂಢಾರಕರರು.

ಈ ಪಾಲುದಾರಿಕೆಯ ರಚನೆಯನ್ನು ತುಸು ನಿಂತು ನೋಡಬೇಕು. ದಾಮಲೆಯವರಿಗೆ ಯಂತ್ರಗಳ ಮತ್ತು ಮುಂದೆ ಧ್ವನಿಯ ಹೊಣೆ, ಫತ್ತೇಲಾಲರಿಗೆ ಸೆಟ್ಟುಗಳ ಮತ್ತು ವೇಷಭೂಷಣಗಳ ಹೊಣೆ, ಧೈಬರರಿಗೆ ಕ್ಯಾಮರಾ, ಶಾಂತಾರಾಮರಿಗೆ ನಿರ್ದೇಶನ. ಹೊರಗಿನಿಂದ ಸಂಬಳ ಕೊಟ್ಟು ಕರೆಸಬೇಕಾದ ತಜ್ಞರೇ ಇಲ್ಲಿ ಮಾಲಕರು. ಹೀಗಾಗಿ ದುಡ್ಡು ಕಡಿಮೆ ಬಿದ್ದಾಗ ಕೆಲಸ ನಿಲ್ಲುತ್ತಿರಲಿಲ್ಲ, ಲಾಭ ಬಂದಾಗ ಅದು ಯಂತ್ರಗಳಿಗೂ ಮುಂದಿನ ಚಿತ್ರಕ್ಕೂ ಸಲ್ಲುತ್ತಿತ್ತು. ಜಾತಿ ಮತಗಳ ಕಟ್ಟು ಬಿಗಿಯಾಗಿದ್ದ ಆ ದಿನಗಳಲ್ಲಿ ದಾಮಲೆ ಮತ್ತು ಫತ್ತೇಲಾಲರ ಜೋಡಿ ಒಂದೇ ಮನೆಯ ಅಣ್ಣತಮ್ಮಂದಿರಂತೆ ಬಾಳಿತೆಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆವು.

ಮೊದಲ ಮೂಕಚಿತ್ರ 'ಗೋಪಾಲಕೃಷ್ಣ' ಅದೇ 1929ರಲ್ಲಿ ಹೊರಬಿದ್ದಿತು. ಒಟ್ಟು ಆರು ಮೂಕಚಿತ್ರಗಳನ್ನು ಸಂಸ್ಥೆ ತಯಾರಿಸಿತು. ಅವುಗಳಲ್ಲಿ ಶಿವಾಜಿಯ ಚರಿತ್ರೆಯನ್ನುಳ್ಳ ಒಂದಕ್ಕೆ ಮೊದಲು ಇಟ್ಟ ಹೆಸರಿನಲ್ಲಿ 'ಸ್ವರಾಜ್ಯ'ವೆಂಬ ಮಾತಿತ್ತು. ಬ್ರಿಟಿಷ್ ಸೆನ್ಸಾರರ ಕಿವಿಗೆ ಅದು ಮುಳ್ಳಾದುದರಿಂದ ಚಿತ್ರವು 'ಉದಯಕಾಲ'ವೆಂಬ ಹೆಸರಿನಿಂದ ತೆರೆಯನ್ನು ಕಂಡಿತು.

1931ರಲ್ಲಿ 'ಆಲಂ ಆರಾ' ಮಾತನಾಡತೊಡಗಿದೊಡನೆ ಮೂಕಚಿತ್ರಗಳ ಆಯುಷ್ಯ ಮುಗಿಯಿತು. ಭಾಷೆಯಿಲ್ಲದ ಚಿತ್ರ ಎಲ್ಲ ಊರಿಗೂ ಸಲ್ಲುತ್ತಿತ್ತು. ಮಾತು ಬಂದೊಡನೆ ಪೇಟೆ ಭಾಷೆಭಾಷೆಗೆ ಹರಿದು ಹಂಚಿಹೋಯಿತು. ಚಿಕ್ಕ ಸಂಸ್ಥೆಗಳು ಅನೇಕ ಈ ಏಟಿಗೆ ನೆಲಕಚ್ಚಿದವು. ಪ್ರಭಾತವು ಕಂಡುಕೊಂಡ ದಾರಿ ಬುದ್ಧಿವಂತಿಕೆಯದು. 1932ರಲ್ಲಿ ಬಂದ ಹರಿಶ್ಚಂದ್ರನ ಕಥೆಯನ್ನು ಅವರು ಮರಾಠಿಯಲ್ಲಿ 'ಅಯೋಧ್ಯೇಚಾ ರಾಜಾ' ಎಂದೂ ಹಿಂದಿಯಲ್ಲಿ 'ಅಯೋಧ್ಯಾ ಕಾ ರಾಜಾ' ಎಂದೂ ಜೊತೆಜೊತೆಗೆ ತೆಗೆದರು. ಗೋವಿಂದರಾವ ಟೆಂಬೆಯವರು ಹರಿಶ್ಚಂದ್ರ, ದುರ್ಗಾ ಖೋಟೆಯವರು ತಾರಾಮತಿ. ಸೆಟ್ಟು ಒಂದೇ, ಉಡುಪು ಒಂದೇ, ದೀಪಗಳೂ ಅವೇ. ಖರ್ಚಿನ ದೊಡ್ಡ ಪಾಲು ಎರಡಕ್ಕೂ ಹಂಚಿಹೋಗುತ್ತಿತ್ತು. ಮರಾಠಿ ಚಿತ್ರ ಮನೆಯ ಮಾನವನ್ನು ಕಾಯಿತು, ಹಿಂದಿ ಚಿತ್ರ ಹೊರಗೆ ಹೋಗಿ ಗಳಿಸಿ ತಂದಿತು. ಪ್ರಭಾತದ ಬಹುತೇಕ ದೊಡ್ಡ ಚಿತ್ರಗಳ ಹಿಂದೆ ಇದೇ ಲೆಕ್ಕಾಚಾರವನ್ನು ಕಾಣಬಹುದು.

ಇನ್ನು ವಿತರಣೆಯ ಮಾತು. ಚಿತ್ರ ತೆಗೆಯುವವನು ಬೆಳೆ ಬೆಳೆಯುವ ರೈತನಿದ್ದಂತೆ, ವಿತರಕನು ಅಡತಿ ಅಂಗಡಿಯವನಿದ್ದಂತೆ ಎಂದರೆ ನಮ್ಮ ಸೀಮೆಯವರಿಗೆ ಬೇಗ ತಿಳಿದೀತು. ಬಿತ್ತನೆಗೆ ಮುಂಗಡ ಕೊಟ್ಟವನೇ ಫಸಲಿಗೆ ಬೆಲೆ ಕಟ್ಟುತ್ತಾನೆ. ಪ್ರಾಂತಗಳನ್ನು ಹಂಚಿಕೊಂಡ ವಿತರಕರು ಚಿತ್ರಮಂದಿರದವರಿಂದ ಬಂದ ಹಣದಲ್ಲಿ ಮೊದಲು ತಮ್ಮ ಮುಂಗಡವನ್ನೂ ದಲಾಲಿಯನ್ನೂ ಮುರಿದುಕೊಂಡು, ಉಳಿದುದನ್ನು ನಿರ್ಮಾಪಕನಿಗೆ ಕಳಿಸುವುದು ರೂಢಿ. ಪ್ರಭಾತದ ಚಿತ್ರಗಳ ವಿತರಣೆಯ ಹೊಣೆಯನ್ನು ಮುಂಬಯಿಯ ಫೇಮಸ್ ಪಿಕ್ಚರ್ಸ್ ಸಂಸ್ಥೆಯ ಬಾಬುರಾವ ಪೈಯವರು ಹೊತ್ತರು. ಮುಂದೆ ಅವರೇ ಪ್ರಭಾತದ ಪಾಲುದಾರರೂ ಆದರು. ಪುಣೆಯಲ್ಲಿ 1934ರಿಂದ ಪ್ರಭಾತದ ಹೆಸರಿನ ಚಿತ್ರಮಂದಿರವೇ ಇತ್ತು. ಮುಂಬಯಿಯಲ್ಲಿ ಗಿರಗಾಂವದ ಸೆಂಟ್ರಲ್ ಸಿನೇಮಾ ಮರಾಠಿ ಚಿತ್ರಗಳಿಗೆ ನೆಲೆಯಾಯಿತು. ತಯಾರಿಸುವ ಕೈ, ಸಾಗಿಸುವ ಕೈ, ತೋರಿಸುವ ಕೈ ಹೀಗೆ ಒಂದನ್ನೊಂದು ಹಿಡಿದುಕೊಂಡವು. ಕಲೆಯಲ್ಲಿ ಪ್ರಭಾತ ತೋರಿದ ಧೈರ್ಯಕ್ಕೆ ಈ ವ್ಯವಸ್ಥೆಯೇ ಬೆನ್ನೆಲುಬೆಂದು ನಮ್ಮ ಎಣಿಕೆ.

ಎಡವಿದ್ದೂ ಉಂಟು. 1933ರಲ್ಲಿ 'ಸೈರಂಧ್ರಿ'ಯನ್ನು ಬಣ್ಣದಲ್ಲಿ ತೋರಿಸಬೇಕೆಂದು ಶಾಂತಾರಾಮರು ಜರ್ಮನಿಗೆ ಹೋಗಿ ಪ್ರತಿಗಳನ್ನು ಮಾಡಿಸಿದರು. ಬಣ್ಣ ಕೂಡಿಬರಲಿಲ್ಲ, ಹಣವೂ ಕೂಡಿಬರಲಿಲ್ಲ. ಸೋತ ಮನೆಯವರು ಸಾಮಾನ್ಯವಾಗಿ ಕೈಕಾಲು ಮುದುಡಿಕೊಳ್ಳುತ್ತಾರೆ. ಇವರು ಅದೇ ವರ್ಷ ಕೊಲ್ಲಾಪುರವನ್ನು ಬಿಟ್ಟು ಮುಂಬಯಿಗೆ ಹತ್ತಿರವಾದ ಪುಣೆಗೆ ಬಂದು, ಊರಾಚೆಯ ವಿಸ್ತಾರವಾದ ಭೂಮಿಯಲ್ಲಿ ಹೊಸ ಸ್ಟುಡಿಯೋವನ್ನೇ ಎಬ್ಬಿಸಿದರು. ಅಲ್ಲಿ ತೆಗೆದ 'ಅಮೃತಮಂಥನ' 1934ರಲ್ಲಿ ಹೊರಬಂದು ಮುಂಬಯಿಯಲ್ಲಿ 25 ವಾರಗಳನ್ನು ದಾಟಿ ಓಡಿತು. ರಾಜಗುರುವಿನ ಒಂದು ಕಣ್ಣು ಮಾತ್ರವೇ ಪರದೆಯನ್ನೆಲ್ಲ ತುಂಬಿ ಉರಿಯುವ ನೋಟವನ್ನು ಕಂಡವರು ಮರೆಯಲಾರರು. ಜರ್ಮನಿಯ ಪ್ರಯಾಣದಲ್ಲಿ ಬಣ್ಣ ದಕ್ಕದಿದ್ದರೂ ದೂರದ ವಸ್ತುವನ್ನು ಹತ್ತಿರ ತರುವ ಮಸೂರದ ಉಪಯೋಗ ದಕ್ಕಿತ್ತು!

ಸಂಸ್ಥೆಯ ಕೀರ್ತಿಗೆ ಕಳಸವಿಟ್ಟುದು 1936ರ 'ಸಂತ ತುಕಾರಾಮ'. ನಿರ್ದೇಶಕರು ದಾಮಲೆ ಮತ್ತು ಫತ್ತೇಲಾಲ. ಬಡಗಿ, ಬಣ್ಣಗಾರರೊಡನೆ ಆಯುಷ್ಯವನ್ನು ಕಳೆದ ಈ ಇಬ್ಬರು ತೆಗೆದ ಚಿತ್ರ ಸೆಂಟ್ರಲ್ ಸಿನೇಮಾದಲ್ಲಿ 57 ವಾರ ನಡೆಯಿತು. 1937ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆಯನ್ನೂ ಪಡೆಯಿತು. ವಿಷ್ಣುಪಂತ ಪಾಗನೀಸರ ತುಕಾರಾಮನಷ್ಟೆ, ಅಥವಾ ಅದಕ್ಕಿಂತ ಒಂದು ಕೈ ಮೇಲಾಗಿ, ನಮ್ಮ ಮನಸ್ಸಿನಲ್ಲಿ ನಿಲ್ಲುವವಳು ಗೌರಿಯವರ ಅವಲಿ. ಎಮ್ಮೆ, ಒಲೆ, ಹಸಿದ ಮಕ್ಕಳು ಇವಿಷ್ಟೆ ಅವಳ ಲೋಕ. ದೇವರ ಹೆಸರಿನಲ್ಲಿ ಸಂಸಾರವನ್ನು ಮರೆತ ಗಂಡನನ್ನು ಅವಳು ಬೈಯುವುದು ನ್ಯಾಯವಾಗಿಯೇ ಇದೆ. ಪಂಢರಪುರದ ದಾರಿಯಲ್ಲಿ ದಿಂಡಿಯೊಡನೆ ನಡೆದ ನಮ್ಮವರಿಗೆ, ವಿಠಲನ ಅಂಕಿತದ ದಾಸರ ಪದಗಳನ್ನು ಹಾಡಿ ಬೆಳೆದವರಿಗೆ, ಈ ಚಿತ್ರದ ಭಾಷೆ ಬೇರೆಯೆಂದು ತೋರಲೇ ಇಲ್ಲ.

ಇದರ ಮರುವರ್ಷವೇ ಬಂದ 'ಕುಂಕು' ಮುದುಕನಿಗೆ ಕಟ್ಟಿಹಾಕಿದ ತರುಣಿಯ ಪ್ರತಿಭಟನೆಯ ಕಥೆ. ಹಿನ್ನೆಲೆ ವಾದ್ಯಗಳನ್ನೆಲ್ಲ ಬಿಟ್ಟು, ಬದುಕಿನಲ್ಲಿ ಕೇಳಿಬರುವ ಸಹಜ ಸದ್ದುಗಳನ್ನಷ್ಟೆ ಬಳಸಿದುದು ಅದರ ವಿಶೇಷ. ಪುರಾಣದಿಂದ ಗಳಿಸಿದ ಹಣವನ್ನು ಸಮಾಜ ಸುಧಾರಣೆಯ ಕಥೆಗೆ ಹಾಕಬೇಕಾದರೆ ಪೆಟ್ಟಿಗೆಯ ಬೀಗದಕೈ ತನ್ನಲ್ಲಿರಬೇಕಲ್ಲವೆ?

1939ರ 'ಮಾಣೂಸ್' ಚಿತ್ರದ ನಾಯಕಿ ನಮ್ಮವರೇ. ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ ಹುಟ್ಟಿದ ಶಾಂತಾ ಹುಬಳೀಕರರು ಪೋಲೀಸನೊಬ್ಬನ ಪ್ರೀತಿಗೆ ಪಾತ್ರಳಾದ ಮೈನಾಳಾಗಿ ಅಭಿನಯಿಸಿದರು. ನಾಳಿನ ಚಿಂತೆಯೇಕೆ ಎಂಬ ಭಾವದ, ಹಲವು ಭಾಷೆಗಳು ಬೆರೆತ ಅವರ ಹಾಡು ಮನೆಮನೆಯಲ್ಲಿ ಮೊಳಗಿತು. ಊರಿನ ಹೆಸರನ್ನು ಅಡ್ಡಹೆಸರಾಗಿ ಹೊತ್ತ ಈ ಗಾಯಕಿಗೆ ಕೀರ್ತಿ ಬಂದುದು ಮರಾಠಿ, ಹಿಂದಿಗಳಲ್ಲಿ.

ಕನ್ನಡದ ಪಾಡೇನಾಗಿತ್ತು? 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ 'ಸತಿ ಸುಲೋಚನ'ವನ್ನು ಚಿತ್ರಿಸಿದುದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ವೈ. ವಿ. ರಾವ್ ನಿರ್ದೇಶಕರು, ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ಮುಖ್ಯ ಪಾತ್ರಧಾರಿಗಳು; ಹಣ ಹಾಕಿದವರು ಬೆಂಗಳೂರಿನ ವರ್ತಕ ಚಮನ್‌ಲಾಲ್ ಡುಂಗಾಜಿ. ನಟರು ನಮ್ಮಲ್ಲಿ ಕಡಿಮೆಯಿರಲಿಲ್ಲ. ನಾಟಕ ಕಂಪನಿಗಳೇ ದೊಡ್ಡ ಗರಡಿಗಳಾಗಿದ್ದವು. ಇಲ್ಲದುದು ಸ್ವಂತದ ಸ್ಟುಡಿಯೋ ಮತ್ತು ಒಂದಾದ ಪೇಟೆ. ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದರಾಸು ಪ್ರಾಂತಗಳು, ನಿಜಾಮನ ರಾಜ್ಯ, ಕೊಡಗು ಎಂದು ಕನ್ನಡ ನಾಡು ಚೂರುಚೂರಾಗಿತ್ತು. ಬೆಂಗಳೂರಿನಲ್ಲಿ ತೋರಿಸಿದ ಕನ್ನಡ ಚಿತ್ರವನ್ನು ಕಲಬುರ್ಗಿಗೂ ಧಾರವಾಡಕ್ಕೂ ಮುಟ್ಟಿಸಬೇಕಾದರೆ ಬೇರೆ ಬೇರೆ ವಿತರಕರ ಬಾಗಿಲು ತಟ್ಟಬೇಕು. ಅವರ ಬಳಿ ಓಡುವ ಹಿಂದಿ, ಮರಾಠಿ ಚಿತ್ರಗಳು ಸಿದ್ಧವಾಗಿ ಇರುತ್ತಿದ್ದವು. ಹೀಗಿರುವಾಗ ಕನ್ನಡ ಚಿತ್ರಕ್ಕೆ ಯಾರು ಮುಂಗಡ ಕೊಟ್ಟಾರು? 1956ರಲ್ಲಿ ರಾಜ್ಯ ಒಂದಾದ ಮೇಲೆಯೂ ಬಹುಕಾಲ ನಮ್ಮ ಚಿತ್ರಗಳು ಮದರಾಸಿನ ಬಾಡಿಗೆಯ ಸ್ಟುಡಿಯೋಗಳಲ್ಲಿಯೆ ತಯಾರಾದವು. ಕನ್ನಡಿಗರಿಗೆ ಚಿತ್ರದ ರುಚಿಯಿಲ್ಲವೆಂದು ಆಗ ಕೆಲವರು ಆಡಿದ ಮಾತು ನ್ಯಾಯವಾದುದಲ್ಲ. ರುಚಿಯಿತ್ತು, ಬಡಿಸುವ ಕೈ ಇರಲಿಲ್ಲ.

ಇತ್ತ ಪ್ರಭಾತದ ಮನೆಯಲ್ಲಿ ಬಿರುಕು ಕಾಣಿಸಿಕೊಂಡಿತು. ಧೈಬರರು ಮೊದಲೇ ಬಿಟ್ಟುಹೋಗಿದ್ದರು. 1941ರಲ್ಲಿ ಶಾಂತಾರಾಮರು 'ಶೇಜಾರಿ'ಯನ್ನು ತೆಗೆದರು. ಅಕ್ಕಪಕ್ಕದ ಮನೆಗಳ ಹಿಂದು, ಮುಸಲ್ಮಾನ ಗೆಳೆಯರಿಬ್ಬರನ್ನು ಒಡ್ಡು ಕಟ್ಟಿಸುವ ಕಂಪನಿಯವರು ಅಗಲಿಸುವ ಕಥೆ ಅದು. ಹಿಂದಿ ಚಿತ್ರದಲ್ಲಿ ಮಜಹರ ಖಾನರು ಹಿಂದುವಾಗಿಯೂ ಗಜಾನನ ಜಾಗೀರದಾರರು ಮುಸಲ್ಮಾನರಾಗಿಯೂ ಅಭಿನಯಿಸಿದರು. ಕಥೆಯ ಗೆಳೆಯರು ಕೊನೆಗೆ ಒಂದಾದರೂ, ಅದನ್ನು ತೆಗೆದ ಗೆಳೆಯರು ಒಂದಾಗಿ ಉಳಿಯಲಿಲ್ಲ. 1942ರಲ್ಲಿ ಶಾಂತಾರಾಮರು ಹೊರಬಿದ್ದು ಮುಂಬಯಿಯಲ್ಲಿ ರಾಜಕಮಲ ಕಲಾಮಂದಿರವನ್ನು ಸ್ಥಾಪಿಸಿದರು. ನಾಲ್ವರ ಕೈಗಳು ಬೆರೆತು ಆಗುತ್ತಿದ್ದ ಕೆಲಸವನ್ನು ಮೂವರು, ಇಬ್ಬರು ನಡೆಸಬೇಕಾಯಿತು. 1944ರ 'ರಾಮಶಾಸ್ತ್ರಿ' ಹಳೆಯ ತೇಜಸ್ಸನ್ನು ಮತ್ತೊಮ್ಮೆ ತೋರಿತು. 1945ರಲ್ಲಿ ದಾಮಲೆಯವರು ತೀರಿಕೊಂಡರು.

ಕಾಲವೂ ಬದಲಾಗಿತ್ತು. ತಿಂಗಳ ಸಂಬಳದ ಮೇಲೆ ನಟರನ್ನೂ ಕಸಬುಗಾರರನ್ನೂ ಸಾಕಿಕೊಂಡ ದೊಡ್ಡ ಸ್ಟುಡಿಯೋಗಳ ಬದಲಿಗೆ, ಯುದ್ಧಕಾಲದ ಹಣವನ್ನು ತಂದು ಹೆಸರಾಂತ ನಟನೊಬ್ಬನಿಗೆ ಸುರಿಯುವ ಹೊಸ ನಿರ್ಮಾಪಕರು ಬಂದರು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತ ಪಡುಕೋಣೆ 1944ರಲ್ಲಿ ಬಾಬುರಾವ ಪೈಯವರೊಡನೆ ಮೂರು ವರ್ಷಗಳ ಒಪ್ಪಂದ ಮಾಡಿಕೊಂಡು ಸೇರಿದುದು ಇಳಿಮುಖವಾದ ಈ ಪ್ರಭಾತವನ್ನೆ. ದೇವ ಆನಂದರ ಮೊದಲ ಚಿತ್ರ 'ಹಮ್ ಏಕ್ ಹೈಂ' ಇಲ್ಲಿಯದೇ, 1946ರದು. ಇಬ್ಬರೂ ಇಲ್ಲಿ ಕಲಿತು ಮುಂಬಯಿಯಲ್ಲಿ ಫಲ ಕೊಟ್ಟರು. 1953ರ ಹೊತ್ತಿಗೆ ಸ್ಟುಡಿಯೋದ ಬಾಗಿಲು ಮುಚ್ಚಿತು. ಚಿತ್ರಗಳ ಹಕ್ಕುಗಳು ಪರರ ಪಾಲಾಗಿದ್ದವು. ದಾಮಲೆಯವರ ಮನೆಯವರು ಕಷ್ಟಪಟ್ಟು ಅವನ್ನು ಮರಳಿ ಪಡೆದುಕೊಂಡುದರಿಂದಲೇ ನಮ್ಮ ಮಕ್ಕಳು ಇಂದಿಗೂ 'ಸಂತ ತುಕಾರಾಮ'ವನ್ನು ನೋಡಬಲ್ಲರು.

1960ರಲ್ಲಿ ಭಾರತ ಸರಕಾರವು ಆ ನೆಲದ ಮೇಲೆ ಚಲಚ್ಚಿತ್ರ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ದಾಮಲೆ, ಫತ್ತೇಲಾಲರು ಸೆಟ್ಟು ನಿಲ್ಲಿಸಿದ ಹಳೆಯ ಭವನದಲ್ಲಿ ವಿದ್ಯಾರ್ಥಿಗಳು ದೀಪ ಹಚ್ಚತೊಡಗಿದರು. 1974ರಲ್ಲಿ ಗಿರೀಶ ಕಾರ್ನಾಡರು ಅದರ ನಿರ್ದೇಶಕರಾದರು. 1975ರಲ್ಲಿ ಗಿರೀಶ ಕಾಸರವಳ್ಳಿಯವರು ಅಲ್ಲಿಯ ಪದವಿಯನ್ನು ಪಡೆದು ಹೊರಬಂದರು. ಎರಡು ವರ್ಷಗಳ ತರುವಾಯ ಅವರು 'ಘಟಶ್ರಾದ್ಧ'ವನ್ನು ತೆಗೆದುದು ಕನ್ನಡದಲ್ಲಿ.