ಬೆಂಗಳೂರಿನ ಪೇಟೆಯಲ್ಲಿ ಒಂದು ನಡಿಗೆ

ಬೆಂಗಳೂರಿನ ಚರಿತ್ರೆಯನ್ನು ಹೇಳಹೊರಟವರು ಕೋಟೆಯಿಂದ ಪ್ರಾರಂಭಿಸುವುದು ವಾಡಿಕೆ. ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಟ ನಾವು ಪೇಟೆಯನ್ನೇ ಮೊದಲು ನೋಡಿದೆವು. ಕೋಟೆಯು ಆಳಿದವರ ಕಥೆಯನ್ನು ಹೇಳುತ್ತದೆ. ದುಡಿದವರ ಕಥೆಗೆ ಪೇಟೆಯ ಬೀದಿಗಳೇ ಆಧಾರ.

ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವ ಚೌಕವೇ ಊರಿನ ಮೂಲಸ್ಥಾನ. 1537ರಲ್ಲಿ ಕೆಂಪೇಗೌಡರು ಇಲ್ಲಿಂದ ನಾಲ್ಕು ದಿಕ್ಕಿಗೂ ನೇಗಿಲ ಸಾಲು ಹೊಡೆಸಿ ಬೀದಿಗಳನ್ನು ಗೊತ್ತುಮಾಡಿದರೆಂದು ಐತಿಹ್ಯ. ದೊಡ್ಡಪೇಟೆಯ ಬೀದಿಗೆ ಈಗ ಅವೆನ್ಯೂ ರಸ್ತೆಯೆಂದು ಹೆಸರು. ಸಾಲುಮರಗಳೆಲ್ಲಿ ಎಂದು ಹುಡುಕುವುದು ವ್ಯರ್ಥ. ಕಾಣುವುದು ಪುಸ್ತಕದಂಗಡಿಗಳ ಸಾಲು.

ಮಿಕ್ಕ ಹೆಸರುಗಳು ಇಷ್ಟು ಕೃತಕವಲ್ಲ. ಬಳೇಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ: ಫಲಕಗಳನ್ನು ಓದುತ್ತ ಹೋದರೆ ಒಂದು ಊರಿಗೆ ಬೇಕಾದುದೆಲ್ಲವೂ ಎಣಿಕೆಗೆ ಸಿಕ್ಕುತ್ತದೆ. ಗಾಣಿಗರಪೇಟೆಯಲ್ಲಿ ಗಾಣವೆಲ್ಲಿ ಎಂದು ಮಕ್ಕಳು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಬಳೇಪೇಟೆಯಲ್ಲಿ ವೀಣೆ ತಂಬೂರಿಗಳನ್ನು ಮಾರುತ್ತಾರೆ. ಕುಂಬಾರಪೇಟೆಯಲ್ಲಿ ಆಟದ ಸಾಮಾನುಗಳ ರಾಶಿ. ಕಸುಬು ಬೀದಿಯನ್ನು ಬಿಟ್ಟುಹೋಗಿದೆ, ಹೆಸರು ಬಿಟ್ಟಿಲ್ಲ. ಆ ಹೆಸರುಗಳನ್ನೂ ಅಳಿಸಿದರೆ ಕುಂಬಾರನೂ ಗಾಣಿಗನೂ ಇಲ್ಲಿ ಇದ್ದರೆಂಬುದಕ್ಕೆ ದಾರಿಹೋಕನಿಗೆ ಬೇರೆ ಗುರುತೇನಿದೆ?

ದೊರೆಗಳಂತೂ ಬದಲಾಗುತ್ತಲೇ ಬಂದರು. 1638ರಲ್ಲಿ ಊರು ಬಿಜಾಪುರದ ವಶವಾಗಿ ಶಹಾಜಿಗೆ ಜಹಗೀರಾಯಿತು. 1687ರಲ್ಲಿ ಮೊಗಲರ ಕೈಸೇರಿ, ಅವರಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಂದಿತು. ಕೊಟ್ಟ ಹಣ ಮೂರು ಲಕ್ಷ ರೂಪಾಯಿ ಎನ್ನುತ್ತಾರೆ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯವು ಪೇಟೆಯನ್ನು ನುಗ್ಗಿ ಹಿಡಿಯಿತು. ಎರಡು ವಾರಗಳಲ್ಲಿ ಕೋಟೆಯೂ ಬಿದ್ದಿತು. ಹೈದರಾಲಿಯು ಕಲ್ಲಿನಿಂದ ಕಟ್ಟಿಸಿದ ಆ ಕೋಟೆಯಲ್ಲಿ ಉಳಿದಿರುವುದು ದೆಹಲಿ ಬಾಗಿಲಿನ ಸುತ್ತಣ ಒಂದು ಭಾಗ ಮಾತ್ರ.

ಪೇಟೆಗೆ ನಿಜವಾದ ಪೆಟ್ಟು ಬಿದ್ದದ್ದು ಫಿರಂಗಿಯಿಂದಲ್ಲ, 1898ರ ಪ್ಲೇಗಿನಿಂದ ಎಂದು ನಮ್ಮ ಭಾವನೆ. ಗಾಳಿ ಬೆಳಕುಗಳಿಲ್ಲದ ಓಣಿಗಳನ್ನು ತೊರೆದು ಅನುಕೂಲಸ್ಥರು ಬಸವನಗುಡಿಗೂ ಮಲ್ಲೇಶ್ವರಕ್ಕೂ ಹೋದರು. ಅಂಗಡಿಗಳು ಉಳಿದವು, ಒಳಗಿನ ಮನೆಗಳು ಕ್ರಮೇಣ ಉಗ್ರಾಣಗಳಾದವು. ಕಂಬದ ಜಗಲಿಯುಳ್ಳ ಮನೆಯೊಂದು ಓಣಿಯಲ್ಲಿ ಕಂಡರೆ ಈಗ ನಿಂತು ನೋಡಬೇಕು.

ಆದರೂ ವರ್ಷಕ್ಕೊಂದು ರಾತ್ರಿ ಇಡೀ ಪೇಟೆಯು ಮತ್ತೆ ಒಂದೇ ಊರಾಗುತ್ತದೆ. ಚೈತ್ರದ ಹುಣ್ಣಿಮೆಗೆ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗವು ಹೊರಟು, ಹೂವಿನ ಕುಚ್ಚು ತೂಗುತ್ತ ಬೀದಿಬೀದಿಯನ್ನೂ ಸುತ್ತಿ, ಕಾಟನ್‌ಪೇಟೆಯಲ್ಲಿ ಮಸ್ತಾನ್ ಸಾಹೇಬರ ದರ್ಗಾಕ್ಕೆ ಬಂದು ಗೌರವ ಸಲ್ಲಿಸಿ ಮುಂದೆ ಸಾಗುತ್ತದೆ.