ಐದರಲ್ಲಿ ನಾಲ್ಕು ಚುಕ್ಕಿ: ಡಿವಿಡಿ ಚಿತ್ರ ಹೊಸ ಟಿವಿಗೆ ಬಂದ ಕತೆ

ಹೊಸ ಎಲ್‌ಇಡಿ ಟಿವಿ ತಂದವರ ಮನೆಯಲ್ಲಿ ಕೇಳುವ ಮಾತೊಂದಿದೆ: "ಮಗಳ ಮದುವೆ ಡಿವಿಡಿ ಹಳೇ ಡಬ್ಬಿ ಟಿವಿಯಲ್ಲೇ ಚೆನ್ನಾಗಿ ಕಾಣ್ತಿತ್ತು." ವರದಿಗೆಂದು ಊರೂರು ಸುತ್ತುವ ನಮಗೆ ಈ ಮಾತು ಎಷ್ಟು ಕಡೆ ಕಿವಿಗೆ ಬಿದ್ದಿದೆಯೋ ಲೆಕ್ಕವಿಲ್ಲ. ಅಂಗಡಿಯವರು ನಗುತ್ತಾರೆ, ಮಕ್ಕಳು "ಹಳೇ ಸಿಡಿ ಬಿಡಿ" ಅನ್ನುತ್ತಾರೆ. ಹೇಳಿದವರ ಕಣ್ಣು ಮಾತ್ರ ಸುಳ್ಳು ಹೇಳುತ್ತಿಲ್ಲ. ಡಿವಿಡಿ ಹುಟ್ಟಿದ್ದೇ ಡಬ್ಬಿ ಟಿವಿಗಾಗಿ.

ಇದರ ಬೇರು 1930ರ ದಶಕದಲ್ಲಿದೆ. ಟಿವಿ ಚಿತ್ರವನ್ನು ಪಿಕ್ಚರ್ ಟ್ಯೂಬು ಗೆರೆ ಗೆರೆಯಾಗಿ ಬರೆಯುತ್ತಿತ್ತು. ಸೆಕೆಂಡಿಗೆ 25 ಚಿತ್ರ ಬರೆದರೆ ಪರದೆ ಮಿಣುಕುತ್ತಿತ್ತು, 50 ಕಳಿಸೋಣವೆಂದರೆ ಪ್ರಸಾರಕ್ಕೆ ಎರಡರಷ್ಟು ಜಾಗ ಬೇಕಿತ್ತು. ಎಂಜಿನಿಯರುಗಳು ಒಂದು ಉಪಾಯ ಮಾಡಿದರು. ಮೊದಲು 1, 3, 5 ಎಂದು ಬೆಸ ಗೆರೆಗಳು, ಮರುಕ್ಷಣ ನಡುವಿನ ಸಮ ಗೆರೆಗಳು. ಇದಕ್ಕೆ ಇಂಟರ್‌ಲೇಸ್ ಎಂದು ಹೆಸರು. 1936ರಲ್ಲಿ ಬಿಬಿಸಿ ಲಂಡನ್ನಿನಿಂದ 405 ಗೆರೆಗಳ ಪ್ರಸಾರ ಶುರು ಮಾಡಿದಾಗ ಇದೇ ಪದ್ಧತಿ. 1959ರಲ್ಲಿ ದೆಹಲಿಯಲ್ಲಿ ನಮ್ಮ ಟಿವಿ ಶುರುವಾಯಿತು, 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣ ಬಂತು. ಆಗ ನಾವು ಒಪ್ಪಿಕೊಂಡದ್ದು ಜರ್ಮನಿಯ ವಾಲ್ಟರ್ ಬ್ರುಕ್ ರೂಪಿಸಿದ ಪಾಲ್ ಪದ್ಧತಿ: 625 ಗೆರೆ, ಅದರಲ್ಲಿ ಕಣ್ಣಿಗೆ ಕಾಣುವುದು 576, ಸೆಕೆಂಡಿಗೆ 50 ಅರ್ಧ ಚಿತ್ರ. ಕರೆಂಟು 50 ಹರ್ಟ್ಜ್ ಇರುವ ದೇಶಗಳಲ್ಲಿ ಟಿವಿಯೂ 50ಕ್ಕೇ ಕಟ್ಟುಬಿದ್ದಿತ್ತು.

1995ರಲ್ಲಿ ಎರಡು ಬಣಗಳು ಎರಡು ಬಗೆಯ ಡಿಸ್ಕ್ ಹಿಡಿದು ಜಗಳಕ್ಕೆ ನಿಂತಿದ್ದವು. ಒಂದು ಕಡೆ ತೋಷಿಬಾ, ಇನ್ನೊಂದು ಕಡೆ ಸೋನಿ ಮತ್ತು ಫಿಲಿಪ್ಸ್. ಕಂಪ್ಯೂಟರ್ ಕಂಪನಿಗಳು ಒತ್ತಡ ಹಾಕಿದ ಮೇಲೆ ರಾಜಿಯಾಗಿ, 1996ರ ನವೆಂಬರಿನಲ್ಲಿ ಜಪಾನಿನ ಅಂಗಡಿಗಳಿಗೆ ಡಿವಿಡಿ ಬಂತು. ಮನೆಗಳಲ್ಲಿದ್ದ ಟಿವಿಗೆ ಹೊಂದುವಂತೆಯೇ ಅದರ ಅಳತೆ: ಪಾಲ್ ದೇಶಗಳಿಗೆ 720 ಅಡ್ಡ ಚುಕ್ಕಿ, 576 ಗೆರೆ. ವಿಸಿಡಿಯದು 352ಕ್ಕೆ 288 ಮಾತ್ರ ಇತ್ತಾದ್ದರಿಂದ ನಮಗೆಲ್ಲ ಅದು ನಾಲ್ಕು ಪಟ್ಟಿನ ಹಬ್ಬ.

ಈಗಿನ ಫುಲ್ ಎಚ್‌ಡಿ ಪರದೆಯಲ್ಲಿ 1920ಕ್ಕೆ 1080, ಅಂದರೆ 20,73,600 ಚುಕ್ಕಿ. ಡಿವಿಡಿ ಕೊಡುವುದು 4,14,720. ಭಾಗಿಸಿ ನೋಡಿ, ಸರಿಯಾಗಿ ಐದು. ಪರದೆಯ ಐದು ಚುಕ್ಕಿಗಳಲ್ಲಿ ನಾಲ್ಕನ್ನು ಟಿವಿ ಅಂದಾಜಿನಲ್ಲಿ ತುಂಬುತ್ತದೆ. 4ಕೆ ಆದರೆ ಇಪ್ಪತ್ತರಲ್ಲಿ ಹತ್ತೊಂಬತ್ತು. "ಡಿವಿಡಿಯನ್ನು ಎಚ್‌ಡಿ ಮಾಡುತ್ತದೆ" ಎಂದು ಡಬ್ಬಿಯ ಮೇಲೆ ಬರೆದದ್ದನ್ನು ಈ ಲೆಕ್ಕದ ಪಕ್ಕ ಇಟ್ಟು ಓದಬೇಕು. ಇಲ್ಲದ ವಿವರವನ್ನು ಯಾವ ಯಂತ್ರವೂ ತರುವುದಿಲ್ಲ. ಇದ್ದದ್ದನ್ನು ಕೆಡಿಸದೆ ಹಿಗ್ಗಿಸಿದರೆ ಅದೇ ದೊಡ್ಡದು.

ಕೆಡುವುದು ಹೆಚ್ಚಾಗಿ ಗೆರೆ ಜೋಡಿಸುವಲ್ಲಿ. ಎಲ್‌ಸಿಡಿ ಪರದೆ ಬೆಸ, ಸಮ ಎಂದು ಬಿಡಿಬಿಡಿಯಾಗಿ ಬರೆಯುವುದಿಲ್ಲ, ಇಡೀ ಚಿತ್ರವನ್ನು ಒಟ್ಟಿಗೇ ತೋರಿಸಬೇಕು. ಸಿನಿಮಾದ ವಿಷಯದಲ್ಲಿ ಇದು ಸುಲಭ. ರೀಲಿನ ಒಂದೇ ಚೌಕಟ್ಟಿನಿಂದ ಎರಡು ಅರ್ಧಗಳೂ ಬಂದಿರುತ್ತವೆ, ಕೂಡಿಸಿದರೆ ಚಿತ್ರ ಪೂರ್ಣ. (24 ಚೌಕಟ್ಟಿನ ಸಿನಿಮಾವನ್ನು ಪಾಲ್ 25ಕ್ಕೆ ಓಡಿಸುವುದರಿಂದ ಎರಡೂವರೆ ತಾಸಿನ ಚಿತ್ರ 144 ನಿಮಿಷಕ್ಕೇ ಮುಗಿಯುತ್ತದೆ, ಹಾಡಿನ ಶ್ರುತಿಯೂ ಕೊಂಚ ಏರುತ್ತದೆ. ಇದನ್ನು ಗಮನಿಸಿದವರು ಕಡಿಮೆ.) ವಿಡಿಯೋ ಕ್ಯಾಮೆರಾದ ಚಿತ್ರಣ ಹಾಗಲ್ಲ. ಅದರ 50 ಅರ್ಧಗಳೂ 50 ಬೇರೆ ಬೇರೆ ಕ್ಷಣಗಳು. ಯಕ್ಷಗಾನದ ಡಿವಿಡಿ ಹಾಕಿ ಮಂಡಿ ಕುಣಿತದ ಭಾಗ ನೋಡಿ. ವೇಷಧಾರಿ ಗಿರಗಿರನೆ ತಿರುಗುವಾಗ ಬೆಸ ಗೆರೆಯಲ್ಲಿ ಕೈ ಒಂದು ಕಡೆ, ಸಮ ಗೆರೆಯಲ್ಲಿ ಇನ್ನೊಂದು ಕಡೆ. ಎರಡನ್ನೂ ಕಣ್ಣುಮುಚ್ಚಿ ಕೂಡಿಸಿದರೆ ಅಂಚಿಗೆಲ್ಲ ಬಾಚಣಿಗೆಯ ಹಲ್ಲು ಮೂಡುತ್ತದೆ. ಡಬ್ಬಿ ಟಿವಿಯಲ್ಲಿ ಈ ಕೂಡಿಸುವ ಕೆಲಸವೇ ಇರಲಿಲ್ಲ.

ಯಾವುದು ಸಿನಿಮಾ, ಯಾವುದು ವಿಡಿಯೋ, ಎಲ್ಲಿ ಚಲನೆ ಇದೆ, ಎಲ್ಲಿ ಇಲ್ಲ ಎಂದು ಯಂತ್ರವೇ ಗುರುತಿಸುವಂತೆ ಮಾಡಿದವರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪ್ರಯೋಗಾಲಯ ಕಟ್ಟಿದ ಈವ್ ಫರೂಜಾ ಮೊದಲ ಸಾಲಿನವರು. ಅವರ ಯಂತ್ರಗಳು ಮೊದಲು ಸಿರಿವಂತರ ಮನೆಯ ಪ್ರೊಜೆಕ್ಟರುಗಳ ಪಕ್ಕ ಕೂತಿದ್ದವು, ಆಮೇಲೆ ಆ ವಿದ್ಯೆ ಚಿಪ್ಪಿಗೆ ಇಳಿದು ಪ್ಲೇಯರಿಗೂ ಟಿವಿಗೂ ಬಂತು. ಇವತ್ತಿನ ಸಾಧಾರಣ ಟಿವಿಯೊಳಗೂ ಅಂಥದ್ದೊಂದು ಚಿಪ್ಪು ಇರುತ್ತದೆ. ಕೆಲವು ಚೆನ್ನ, ಕೆಲವು ತೀರಾ ಸೋಮಾರಿ.

ಇನ್ನು ವೈರಿನ ಕತೆ. ಡಿಸ್ಕಿನಲ್ಲಿ ಬೆಳಕು ಮತ್ತು ಬಣ್ಣ ಬೇರೆ ಬೇರೆ ಇರುತ್ತವೆ. ನಮ್ಮಲ್ಲಿ ಮನೆಮನೆಗೆ ಬಂದ ಹಳದಿ ಪಿನ್ನಿನ ವೈರು ಅವೆರಡನ್ನೂ ಕಲಸಿ ಕಳಿಸುತ್ತದೆ, ಟಿವಿ ಮತ್ತೆ ಬಿಡಿಸಲು ಒದ್ದಾಡುತ್ತದೆ. ಕೆಂಪು ಸೀರೆಯ ಅಂಚಿನಲ್ಲಿ ಚುಕ್ಕಿಗಳು ಹರಿದಾಡಿದಂತೆ ಕಾಣುವುದು ಇದರಿಂದಲೇ. ಹಸಿರು, ನೀಲಿ, ಕೆಂಪು ಪಿನ್ನುಗಳ ಕಾಂಪೊನೆಂಟ್ ವೈರು ಈ ಕಲಸಾಟ ತಪ್ಪಿಸಿತು. 2002ರ ಕೊನೆಗೆ ಎಚ್‌ಡಿಎಂಐ ಬಂತು. ಆದರೆ 1999ರಲ್ಲೇ ಡಿವಿಡಿಯ ಬೀಗ ಒಡೆದಿತ್ತು, ಚಿತ್ರ ಕಂಪನಿಗಳು ಹೆದರಿದ್ದವು. ಹಾಗಾಗಿ ಬೀಗವಿರುವ ಡಿಸ್ಕಿನ ಚಿತ್ರವನ್ನು ಎಚ್‌ಡಿ ಅಳತೆಗೆ ಹಿಗ್ಗಿಸಿ ಕಳಿಸಲು ಪ್ಲೇಯರಿಗೆ ಅನುಮತಿ ಸಿಕ್ಕಿದ್ದು ಕಾವಲಿದ್ದ ಎಚ್‌ಡಿಎಂಐ ದಾರಿಯಲ್ಲಿ ಮಾತ್ರ, ಮೂರು ಬಣ್ಣದ ವೈರಿನಲ್ಲಿ ಅಲ್ಲ. ಕಾಸು ಕೊಟ್ಟು ಡಿಸ್ಕ್ ಕೊಂಡವರಿಗೂ ಅದೇ ನಿಯಮ.

2007ರಲ್ಲಿ ಮೋಸರ್ ಬೇರ್ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರತೊಡಗಿದಾಗ ಸಿನಿಮಾ ಕೊಂಡು ಇಟ್ಟುಕೊಳ್ಳುವುದು ಹಳ್ಳಿಗೂ ಎಟುಕಿತು. ಸಂತೆಯಲ್ಲಿ "ಒಂದರಲ್ಲಿ ಮೂರು" ಡಿಸ್ಕುಗಳೂ ಬಂದವು. ಇದರ ಲೆಕ್ಕವೂ ಸರಳ: 4.7 ಜಿಬಿಯಲ್ಲಿ ಎರಡೂವರೆ ತಾಸಿನ ಒಂದೇ ಚಿತ್ರ ತುಂಬಿದರೆ ಸೆಕೆಂಡಿಗೆ ಸುಮಾರು 4 ಮೆಗಾಬಿಟ್ ಸಿಗುತ್ತದೆ, ಮೂರು ತುರುಕಿದರೆ 1.4. ವಿಸಿಡಿಯ ಚಿತ್ರಕ್ಕೇ 1.15 ಇತ್ತು. ಅಂಥ ಡಿಸ್ಕಿಗೆ ಯಾವ ವೈರು ಹಾಕಿದರೂ ಅಷ್ಟೇ.

ಒಳ್ಳೆಯ ಡಿಸ್ಕ್ ಕೈಯಲ್ಲಿದ್ದರೆ ಮಾತ್ರ ಸೆಟ್ಟಿಂಗಿಗೆ ಅರ್ಥವಿದೆ. ಪ್ಲೇಯರಿನಲ್ಲಿ ಟಿವಿ ಆಕಾರ 16:9 ಇರಲಿ. ಅಗ್ಗದ ಪ್ಲೇಯರುಗಳ ರಿಮೋಟಿನಲ್ಲಿ ಪಾಲ್, ಎನ್‌ಟಿಎಸ್‌ಸಿ ಬದಲಿಸುವ ಗುಂಡಿ ಇರುತ್ತದೆ. ಅದನ್ನು ಆಟೋದಲ್ಲೇ ಬಿಡಿ. ಎನ್‌ಟಿಎಸ್‌ಸಿಗೆ ಸಿಕ್ಕಿಬಿದ್ದರೆ 576 ಗೆರೆ 480ಕ್ಕೆ ಇಳಿದು ಚಿತ್ರ ಜಗ್ಗುತ್ತದೆ. ಟಿವಿಯಲ್ಲಿ ಅಂಗಡಿಯವರು ಬಿಟ್ಟುಹೋದ ವಿವಿಡ್ ತೆಗೆದು ಸಿನಿಮಾ ಮೋಡ್ ಹಾಕಿ, ಶಾರ್ಪ್‌ನೆಸ್ ಸೊನ್ನೆಯ ಹತ್ತಿರ ತನ್ನಿ. ಅದು ವಿವರ ಹೆಚ್ಚಿಸುವುದಿಲ್ಲ, ಮುಖದ ಸುತ್ತ ಬಿಳಿ ಗೆರೆ ಬರೆಯುತ್ತದೆ. ಹಳೇ 4:3 ಮದುವೆ ವಿಡಿಯೋವನ್ನು ಎಳೆದು ಪರದೆ ತುಂಬಿಸಬೇಡಿ, ಮದುಮಗಳು ಸುಮ್ಮನೆ ದಪ್ಪಗಾಗುತ್ತಾಳೆ. ಪ್ಲೇಯರು ಹಿಗ್ಗಿಸಿದ್ದು ಚೆನ್ನವೋ ಟಿವಿ ಹಿಗ್ಗಿಸಿದ್ದು ಚೆನ್ನವೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಪ್ಲೇಯರನ್ನು ಒಮ್ಮೆ 576ಕ್ಕೆ, ಒಮ್ಮೆ 1080ಕ್ಕೆ ಇಟ್ಟು ಅದೇ ದೃಶ್ಯ ನೋಡಿ ನೀವೇ ತೀರ್ಮಾನಿಸಿ.

ಸಿನಿಮಾ ಡಿಸ್ಕ್ ಹೋದರೆ ಬೇರೆಡೆ ಸಿಕ್ಕೀತು. ನಾವು ಇಷ್ಟು ಬರೆದದ್ದು ಒಂದೇ ಪ್ರತಿಯಿರುವ ಡಿಸ್ಕುಗಳಿಗಾಗಿ: ಮದುವೆ, ಊರ ಜಾತ್ರೆ, ಈಗ ಇಲ್ಲದ ಭಾಗವತರ ಒಂದು ರಾತ್ರಿಯ ಪದ್ಯ. ಬರೆಯುವ ಡಿಸ್ಕುಗಳೊಳಗಿನ ಬಣ್ಣದ ಪದರ ಬಿಸಿಲು, ಸೆಕೆಗೆ ಹಾಳಾಗುತ್ತದೆ. ಹಲವರು ಈಗ ಸ್ಟುಡಿಯೋಗಳಿಗೆ ಕೊಟ್ಟು ಪೆನ್‌ಡ್ರೈವಿಗೆ ಹಾಕಿಸುತ್ತಿದ್ದಾರೆ. ಒಂದು ಕಡೆ ನಾವು ನೋಡಿದಂತೆ, ಪರಿವರ್ತಿಸುವಾಗ ಬಾಚಣಿಗೆ ಹಲ್ಲನ್ನು ಚಿತ್ರದೊಳಗೇ ಅಚ್ಚೊತ್ತಿ ಕೊಟ್ಟಿದ್ದರು, ಮೂಲ ಡಿಸ್ಕನ್ನು ಎಸೆದೂ ಆಗಿತ್ತು. ಇನ್ನು ಅದನ್ನು ಪೂರ್ತಿ ಬಿಡಿಸಲಾಗದು. ಹಾಗಾಗಿ ಮೊದಲು ಡಿಸ್ಕಿನ ಫೈಲುಗಳನ್ನು ಏನೂ ಬದಲಿಸದೆ ಹಾರ್ಡ್‌ಡಿಸ್ಕಿಗೆ ಇಳಿಸಿಕೊಡಲು ಹೇಳಿ. ಒಂದು ಡಿಸ್ಕ್ ಹಿಡಿಯುವುದು ಹೆಚ್ಚೆಂದರೆ 8.5 ಜಿಬಿ. ಎಂಪಿ4 ಬೇಕೇ ಬೇಕೆಂದರೆ ಅದು ಆಮೇಲಿನ ಎರಡನೆಯ ಪ್ರತಿ. ಅದರಲ್ಲಿ ಸೆಕೆಂಡಿಗೆ 50 ಚೌಕಟ್ಟು ಉಳಿಸಿ, 25 ಬೇಡ ಎಂದು ಚೀಟಿಯಲ್ಲಿ ಬರೆದೇ ಕೊಡಿ.