ಕುಮಾರಪಟ್ಟಣದಿಂದ ಹಾವೇರಿಗೆ: ಶರತ್ಕಾಲದ ದಾರಿ, ದಾರಿಬದಿಯ ಹುಲ್ಲು



ದಸರೆಯ ರಜೆಗೆಂದು ಬೆಂಗಳೂರಿನಿಂದ ಊರಿಗೆ ಬರುವ ನಿಮ್ಮಲ್ಲಿ ಅನೇಕರು ಹರಿಹರ ದಾಟಿದ ಮೇಲೆ ಹಾವೇರಿಯವರೆಗೆ ಎಲ್ಲಿಯೂ ನಿಲ್ಲುವುದಿಲ್ಲ. ನಾಲ್ಕು ಪಥಗಳ ಹೆದ್ದಾರಿ ಬಂದ ಮೇಲಂತೂ ಅದು ಒಂದು ಗಂಟೆಯ ದಾರಿ. ಆಶ್ವಯುಜ ಮಾಸದಲ್ಲಾದರೂ ಆ ಒಂದು ಗಂಟೆಯನ್ನು ಒಂದು ದಿನವಾಗಿಸಿಕೊಳ್ಳಿರೆಂದು ಕೋರುವುದು ಈ ಬರಹದ ಉದ್ದೇಶ. ಜೊತೆಗೆ, ಕಿಟಕಿಯಾಚೆ ಕಾಣುವ ಹಸಿರಿಗೂ ಒಂದು ಇತಿಹಾಸವಿದೆಯೆಂಬುದನ್ನು ಹೇಳಬೇಕಾಗಿದೆ.

ಹೊಸ ಸೇತುವೆಯನ್ನು ಬಿಟ್ಟು ಹರಿಹರದ ಊರೊಳಗಿಂದ ಬನ್ನಿ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಅಲ್ಲಿದೆ. 1868ರಲ್ಲಿ ಪೂರ್ಣಗೊಂಡ ಕಲ್ಲು-ಇಟ್ಟಿಗೆಯ ಕಮಾನು ಸೇತುವೆಯೂ ಅಲ್ಲಿಯೇ. ಬೆಂಗಳೂರು-ಧಾರವಾಡ ದಾರಿ ಆಗ ಈ ಸೇತುವೆಯ ಮೇಲೆ ಹಾದುಹೋಗುತ್ತಿತ್ತು. ತುಂಗಭದ್ರೆಯ ಈಚೆಗೆ ಮೈಸೂರು ಸಂಸ್ಥಾನ, ಆಚೆಗೆ ಮುಂಬಯಿ ಪ್ರಾಂತ. 1956ರ ನವೆಂಬರ್ 1ರಂದು ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿದವು. ಮಳೆಗಾಲ ಮುಗಿದು ನೀರು ತಿಳಿಯಾಗುವ ಈ ದಿನಗಳಲ್ಲಿ ಹೊಳೆಯನ್ನು ನೋಡುವುದೇ ಒಂದು ಸೊಗಸು.

ಆಚೆಯ ದಡವೇ ಕುಮಾರಪಟ್ಟಣ, ರಾಣೇಬೆನ್ನೂರು ತಾಲ್ಲೂಕಿನ ದಕ್ಷಿಣದ ಬಾಗಿಲು. 1970ರ ದಶಕದ ಆರಂಭದಲ್ಲಿ ಇಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ತಲೆಯೆತ್ತಿತು. ಮರದ ತಿರುಳಿನಿಂದ ಕೃತಕ ನೂಲಿಗೆ ಬೇಕಾದ ಪಲ್ಪು ತಯಾರಿಸುವುದು ಅದರ ಕೆಲಸ. ಸಾವಿರಾರು ಮನೆಗಳಲ್ಲಿ ಒಲೆ ಉರಿದದ್ದು ಆ ಸಂಬಳದಿಂದ. ಅದನ್ನು ಮರೆತು ಮಾತನಾಡುವುದು ನ್ಯಾಯವಲ್ಲ. ಆದರೆ ಕಾರ್ಖಾನೆಗೆ ಮರ ಬೇಕು, ಬೇಗನೆ ಬೆಳೆಯುವ ಮರ ಬೇಕು. ಹೀಗಾಗಿ ನೀಲಗಿರಿಗೆ ಬೇಡಿಕೆ ಬಂದಿತು.

1984ರಲ್ಲಿ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮವೂ ಈ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದವು. ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು ಮೂವತ್ತು ಸಾವಿರ ಹೆಕ್ಟೇರ್ ಭೂಮಿಯಲ್ಲಿ ಇಂಥ ಮರ ಬೆಳೆಸುವುದು ಯೋಜನೆ. ಕಾಗದದಲ್ಲಿ ಅದು ಬಂಜರು ಭೂಮಿ. ಹಳ್ಳಿಗರಿಗೆ ಮಾತ್ರ ಅದು ದನ ಮೇಯುವ, ಸೌದೆ ಆಯುವ ಗೋಮಾಳ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಇದನ್ನು ಎದುರಿಸಿತು, ಎಸ್. ಆರ್. ಹಿರೇಮಠರು ಅದರ ಮುಂಚೂಣಿಯಲ್ಲಿದ್ದರು. 1986ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ರಿಟ್ ಅರ್ಜಿಯಲ್ಲಿ ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದರು. ಮರುವರ್ಷ ತಡೆಯಾಜ್ಞೆ ದೊರೆಯಿತು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ಮನುಷ್ಯರಿಗೂ ದನಕರುಗಳಿಗೂ ಉಪಯೋಗವಾಗುವ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ-ಹಚ್ಚಿಕೋ’ ಎಂಬ ಆ ಸತ್ಯಾಗ್ರಹದ ಹೆಸರನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ಮಕ್ಕಳು ಓದಬೇಕಿತ್ತೆಂದು ನನಗೆ ಇಂದಿಗೂ ಅನ್ನಿಸುತ್ತದೆ. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು.

ಈಗ ಚಳಗೇರಿ ದಾಟಿ ರಾಣೇಬೆನ್ನೂರಿಗೆ ಬನ್ನಿ. ಎರಡೂ ಬದಿಗೆ ಕೊಯ್ಲಿಗೆ ನಿಂತ ಗೋವಿನಜೋಳ, ಅಲ್ಲಲ್ಲಿ ಹಳದಿ ಚೆಲ್ಲಿದ ಗುರೆಳ್ಳು, ಬದುವಿನ ಮೇಲೆ ಹೊನ್ನಂಬರಿ ಹೂವು. ಊರಿನ ಸನಿಹದಲ್ಲೇ 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರ್ ವಿಸ್ತಾರದ ಕೃಷ್ಣಮೃಗ ಅಭಯಾರಣ್ಯವಿದೆ. ನಮ್ಮ ಕಡೆಯವರು ಕೃಷ್ಣಮೃಗವನ್ನು ಚಿಗರಿ ಎಂದೇ ಕರೆಯುವುದು. ಬೆಳಗಿನ ಹೊತ್ತು ಹೋದರೆ ಹಿಂಡು ಕಾಣಸಿಗುತ್ತದೆ. ತಿರುಚಿದ ಕೊಂಬಿನ ಕಪ್ಪು ಗಂಡು ಮುಂದೆ ನಿಂತು ನೋಡುತ್ತಿರುತ್ತದೆ. ಒಂದು ಜಿಗಿದರೆ ಉಳಿದವೂ ಚೆಂಡು ಪುಟಿದಂತೆ ಜಿಗಿಯುತ್ತವೆ. ಅವುಗಳ ಸಂಖ್ಯೆ ಸಾವಿರಗಳಿಗೆ ಏರಿತು. ಹೊಲಕ್ಕೆ ನುಗ್ಗಿ ಎಳೆಯ ಪೈರನ್ನು ಮೇಯುತ್ತವೆಂಬ ರೈತರ ಗೋಳು ಸುಳ್ಳಲ್ಲ.

ಆದರೆ ಈ ಅಭಯಾರಣ್ಯ ಒಂದು ಕಾಲಕ್ಕೆ ಚಿಗರಿಯಷ್ಟೇ ಹೆಬ್ಬಕಕ್ಕೂ ಹೆಸರಾಗಿತ್ತೆಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಎರೆಭೂತವೆಂದೂ ಕರೆಯುವ ಈ ಹಕ್ಕಿ ಸುಮಾರು ಒಂದು ಮೀಟರ್ ಎತ್ತರದ್ದು, ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳಲ್ಲೊಂದು. ಇದೇ ರಾಷ್ಟ್ರಪಕ್ಷಿಯಾಗಬೇಕೆಂದು ಸಲೀಂ ಅಲಿಯವರು ವಾದಿಸಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಸಂದಿತು. ಹೆಬ್ಬಕಕ್ಕೆ ಬೇಕಾದುದು ದೂರದವರೆಗೆ ಕಣ್ಣು ಹಾಯುವ ಬಯಲು. ನೆಲದ ಮೇಲೆಯೇ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಬಯಲಿನಲ್ಲಿ ಮರ ನೆಟ್ಟರೆ ಕಾಡು ಹೆಚ್ಚಿತೆಂದು ನಾವು ಸಂತೋಷಪಡುತ್ತೇವೆ. ಅದಕ್ಕೆ ಮಾತ್ರ ಮನೆ ಹೋಯಿತು. ಅಭಯಾರಣ್ಯದ ಹುಲ್ಲುಗಾವಲಿನ ಬಹುಭಾಗ ನೀಲಗಿರಿ ನೆಡುತೋಪಾಯಿತು. ಚಿಗರಿ ಹೇಗೋ ಹೊಂದಿಕೊಂಡಿತು, ಹೆಬ್ಬಕ ಇಲ್ಲವಾಯಿತು. ಕರ್ನಾಟಕದಲ್ಲಿ ಇಂದು ಅದು ಬೆರಳೆಣಿಕೆಯಷ್ಟು ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ. ನೀಲಗಿರಿಯನ್ನು ಹೊಸದಾಗಿ ನೆಡಬಾರದೆಂದು ಸರ್ಕಾರ ಆದೇಶ ಹೊರಡಿಸಿದ್ದು 2017ರಲ್ಲಿ.

ಸಮೀಪದ ದೇವರಗುಡ್ಡಕ್ಕೆ ಮಹಾನವಮಿಯ ಹೊತ್ತಿಗೆ ಹೋಗಬೇಕು. ಮಾಲತೇಶನ ಗುಡ್ಡವೆಲ್ಲ ಭಂಡಾರದಿಂದ ಹಳದಿಯಾಗಿರುತ್ತದೆ. ಕರಿಯ ಕಂಬಳಿ ಹೊದ್ದ ಗೊರವರು ಡಮರು ಬಾರಿಸುತ್ತ ಏಳುಕೋಟಿ ಘೋಷ ಹಾಕುತ್ತಾರೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಸದ್ದಡಗಿಸಿ ಕಾರಣಿಕ ನುಡಿದು ಕೆಳಕ್ಕೆ ಬೀಳುತ್ತಾನೆ. ಆ ಒಂದು ಸಾಲಿನಲ್ಲಿ ಮಳೆಬೆಳೆಯ, ರಾಜಕೀಯದ ಭವಿಷ್ಯವನ್ನು ಜನ ಅರ್ಥೈಸುತ್ತಾರೆ. ಇತಿಹಾಸದ ವಿದ್ಯಾರ್ಥಿ ಗಮನಿಸಬೇಕಾದುದು ಆ ಕಂಬಳಿಯನ್ನು. ಅದು ಕುರಿಯ ಉಣ್ಣೆ, ಕುರಿ ಮೇದದ್ದು ಇದೇ ಬಯಲಿನ ಹುಲ್ಲು. ಇದೇ ತಾಲ್ಲೂಕಿನ ಮೆಡ್ಲೇರಿ ಕಂಬಳಿಗೆ ಹೆಸರಾದ ಊರು. ಸರ್ಕಾರಿ ದಫ್ತರ ಬಂಜರೆಂದು ಬರೆದುಕೊಂಡಂಥ ನೆಲವೇ ಕುರುಬರ ಈ ದೇವರಿಗೆ ಉಡುಗೆಯನ್ನು ಕೊಟ್ಟಿತ್ತು.

ವಿಜಯದಶಮಿಗೆ ಬನ್ನಿ ಹಂಚಿಕೊಂಡ ಮೇಲೆ ಕೆಲವು ದಿನಗಳಿಗೆ ಶೀಗಿ ಹುಣ್ಣಿಮೆ. ಆ ದಿನ ಹೊಲದಲ್ಲಿ ಪೈರಿಗೆ ಪೂಜೆ ಮಾಡಿ ಚರಗ ಚೆಲ್ಲುವವರು ಕರೆದರೆ ಹೋಗಿ ಕುಳಿತು ಉಣ್ಣಿರಿ. ಹೆದ್ದಾರಿಯ ಹೋಟೆಲುಗಳಲ್ಲಿ ಆ ಊಟ ಸಿಗುವುದಿಲ್ಲ. ದೀಪಾವಳಿಗೆ ಬರುವವರಾದರೆ, ಕೊಬ್ಬರಿ ಹಾರ ಕಟ್ಟಿದ ಹೋರಿಗಳನ್ನು ಬೆದರಿಸುವ ಸ್ಪರ್ಧೆ ನೋಡಬಹುದು. ದೂರ ನಿಂತೇ ನೋಡುವುದು ಕ್ಷೇಮ.

ಮುಂದೆ ಮೋಟೆಬೆನ್ನೂರು. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೈಲಾರ ಮಹಾದೇವಪ್ಪನವರ ಹುಟ್ಟೂರು. ಐದು ನಿಮಿಷ ನಿಂತು ಹೋಗಬಹುದು.

ಅಲ್ಲಿಂದ ಬ್ಯಾಡಗಿಗೆ ತಿರುಗುವವರಿಗೆ ಒಂದು ಮಾತು. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ರಾಶಿಗಳನ್ನು ದಸರೆಯಲ್ಲಿ ನಿರೀಕ್ಷಿಸಬೇಡಿ. ಆಗ ಗಿಡ ಇನ್ನೂ ಹಸಿರು, ಬಿಳಿಯ ಹೂವು, ಅಲ್ಲೊಂದು ಇಲ್ಲೊಂದು ಎಳೆಗಾಯಿ. ಮಾರುಕಟ್ಟೆ ತುಂಬುವುದು ಸಂಕ್ರಾಂತಿಯ ನಂತರ. ಅದಕ್ಕಾಗಿ ಇನ್ನೊಮ್ಮೆ ಬರಬೇಕಾದೀತು. ಸಂಜೆಯೊಳಗೆ ಹಾವೇರಿ ಸೇರಿದರೆ ಚಾಲುಕ್ಯರ ಕಾಲದ ಸಿದ್ಧೇಶ್ವರ ದೇವಾಲಯದ ಕಲ್ಲುಗಳ ಮೇಲೆ ಇಳಿಬಿಸಿಲು ಬಿದ್ದಿರುತ್ತದೆ. ಆ ಗುಡಿಯ ಬಾಗಿಲು ಪಶ್ಚಿಮಕ್ಕಿದೆ.